ಹಸಿರಾಗಿದ್ದ ಕುಂಡದ ಮಣ್ಣು

ಬಾಳೆಗೆ ಸೊರಗು ರೋಗ ಹತ್ತಿದರೆ ಮೊದಲು ಕೆಳಗಿನ ಎಲೆಯ ಅಂಚು ಹಳದಿಯಾಗುತ್ತದೆ. ಆಮೇಲೆ ಎಲೆ ತೊಟ್ಟಿನ ಹತ್ತಿರ ಮುರಿದು ದಿಂಡಿಗೆ ಜೋತುಬೀಳುತ್ತದೆ. ಹೀಗೆ ಒಂದೊಂದೇ ಬಿದ್ದು ಕಡೆಗೆ ನಡುವಿನ ಸುಳಿ ಮಾತ್ರ ನಿಂತಿರುತ್ತದೆ. ಆಗ ಬುಡವನ್ನು ಅಡ್ಡ ಕೊಯ್ದು ನೋಡಿದರೆ ಒಳಗೆಲ್ಲ ಕೆಂಪುಗಂದು ಉಂಗುರಗಳು, ಕೊಳೆತ ವಾಸನೆ. ಮಣ್ಣಿನಲ್ಲಿರುವ ಒಂದು ಶಿಲೀಂಧ್ರ ಬೇರಿನಿಂದ ಒಳಹೊಕ್ಕು, ನೀರು ಏರುವ ನಾಳಗಳನ್ನೇ ಕಟ್ಟಿಬಿಟ್ಟಿರುತ್ತದೆ. ಒಮ್ಮೆ ಮಣ್ಣಿಗೆ ಸೇರಿತೆಂದರೆ ಅದು ವರ್ಷಗಟ್ಟಲೆ ಹೋಗುವುದಿಲ್ಲ. ನಂಜನಗೂಡು ಸೀಮೆಯ ರಸಬಾಳೆ ತೋಟಗಳು ಒಂದೊಂದಾಗಿ ಹಾಳಾದದ್ದು ಹೀಗೆಯೇ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ತಿ. ನರಸೀಪುರದ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳುತ್ತಿದ್ದೆ. ಬಿಡುವಿನಲ್ಲಿ ಮೈಸೂರಿನ ಒಬ್ಬ ಮೇಷ್ಟ್ರ ಕೈಕೆಳಗೆ ಇದೇ ಶಿಲೀಂಧ್ರದ ಮೇಲೆ ಪಿಎಚ್.ಡಿ. ಕೆಲಸ ನಡೆದಿತ್ತು. ರೋಗ ಬಂದ ತೋಟಗಳನ್ನು ಹುಡುಕಿಕೊಂಡು ಬಸ್ಸಿನಲ್ಲಿ ತಿರುಗುವುದು, ಬುಡದ ಚೂರುಗಳನ್ನು ಕಾಗದದ ಚೀಲದಲ್ಲಿ ತುಂಬಿ ತರುವುದು, ಅದರಿಂದ ಶಿಲೀಂಧ್ರವನ್ನು ಬೇರ್ಪಡಿಸಿ ಗಾಜಿನ ತಟ್ಟೆಯಲ್ಲಿ ಬೆಳೆಸುವುದು. ಹಾಗೆ ತಿರುಗುತ್ತಲೇ ಹೆಮ್ಮರಗಾಲದ ಅಕ್ಕನ ತೋಟ ಸಿಕ್ಕಿತು.

ಅವರನ್ನು ಊರಿನವರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದರು, ನಾನೂ ಕರೆದೆ. ಐವತ್ತರ ಆಸುಪಾಸು, ಹಣೆಯ ತುಂಬ ವಿಭೂತಿ, ಎತ್ತರದ ಆಳು. ಗಂಡ ತೀರಿಕೊಂಡ ಮೇಲೆ ಹೊಲಮನೆಯನ್ನೆಲ್ಲ ತಾವೇ ನೋಡಿಕೊಂಡವರು. ಮೊದಲ ದಿನ "ಯಾವೂರವ್ವ?" ಎಂದು ಕೇಳಿದರು. "ಬದನವಾಳು. ನಮ್ಮಮ್ಮ ಅಲ್ಲಿಯ ಖಾದಿ ಕೇಂದ್ರದಲ್ಲಿ ನೂಲುತ್ತಾರೆ" ಎಂದೆ. ಮುಂದಿನ ಪ್ರಶ್ನೆ ಅವರ ನಾಲಗೆಯ ತುದಿಯವರೆಗೂ ಬಂದು ನಿಂತದ್ದು ನನಗೆ ಕಂಡಿತು. ಕೇಳಲಿಲ್ಲ. ಜಗುಲಿಯ ಮೇಲೆ ಕೂರಿಸಿ ಸ್ಟೀಲ್ ಲೋಟದಲ್ಲಿ ಕಾಫಿ ತಂದುಕೊಟ್ಟರು.

ಅವರ ತೋಟ ಮುಕ್ಕಾಲು ಪಾಲು ಸತ್ತಿತ್ತು. ಆದರೆ ನೀರಿನ ತೊಟ್ಟಿಯ ಕಡೆಯ ಒಂದು ಮೂಲೆಯಲ್ಲಿ ಕೆಲವು ರಸಬಾಳೆ ಬುಡಗಳು ಬದುಕಿದ್ದವು. ಬುಡ ಕೊಯ್ದರೆ ಅಲ್ಲೂ ಕಂದು ಗೆರೆ ಇತ್ತು. ಅಂದರೆ ರೋಗ ಒಳಗಿತ್ತು. ಗಿಡ ಮಾತ್ರ ಸಾಯದೆ ವರ್ಷ ವರ್ಷವೂ ಸಣ್ಣದೊಂದು ಗೊನೆ ಹಾಕುತ್ತಿತ್ತು.

"ಯಾಕೆ ಸಾಯಾಕಿಲ್ಲ ಇವು, ಅದ ಏಳವ್ವ ನೀನು" ಎಂದರು ಅಕ್ಕ. "ಸಾಯೋದ್ನ ನೋಡಕ್ಕೆ ಭಾಳ ಜನ ಬಂದೋದ್ರು."

ಆ ಮೂಲೆಯಿಂದ ತಂದ ಶಿಲೀಂಧ್ರ ನನ್ನ ತಟ್ಟೆಗಳಲ್ಲಿ ವಿಚಿತ್ರವಾಗಿ ಬೆಳೆಯಿತು. ಉಳಿದವು ಹತ್ತಿಯ ಹಾಗೆ ಉಬ್ಬಿ ತಟ್ಟೆ ತುಂಬಿಕೊಂಡರೆ ಇದು ತೆಳ್ಳಗೆ, ಬಣ್ಣವಿಲ್ಲದೆ, ಅಂಟಿಕೊಂಡ ಜೇಡರ ಬಲೆಯ ಹಾಗೆ ಕೂತಿತ್ತು. ಮೇಷ್ಟ್ರು ತಟ್ಟೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇದಕ್ಕೇ ಮೈಯಲ್ಲಿ ಹುಷಾರಿಲ್ಲ ಅಂತ ಕಾಣುತ್ತಮ್ಮ. ಡಬಲ್ ಸ್ಟ್ರ್ಯಾಂಡ್ ಆರ್‌ಎನ್‌ಎ ಇದೆಯೇನೋ ನೋಡು" ಎಂದರು.

ಶಿಲೀಂಧ್ರಗಳಿಗೂ ವೈರಸ್ ತಗಲುತ್ತದೆ ಎಂಬುದನ್ನು ನಾನು ಓದಿದ್ದೆ, ಕಂಡಿರಲಿಲ್ಲ. ಅವುಗಳಲ್ಲಿ ಬಹುಪಾಲಿನ ತಳಿಗುಣ ಇರುವುದು ಎರಡೆಳೆಯ ಆರ್‌ಎನ್‌ಎಯಲ್ಲಿ. ಆರೋಗ್ಯವಂತ ಶಿಲೀಂಧ್ರದಲ್ಲಿ ಅಂಥದ್ದು ಅಷ್ಟು ಪ್ರಮಾಣದಲ್ಲಿ ಸಿಕ್ಕುವುದಿಲ್ಲ. ಸಿಕ್ಕಿತೆಂದರೆ ಒಳಗೆ ವೈರಸ್ ಮನೆ ಮಾಡಿದೆ ಎಂದು ಅರ್ಥ. ಕರೆಂಟು ಹೋಗಿ ಬರುವುದರ ನಡುವೆ, ಐಸ್‌ಕ್ಯಾಂಡಿ ಅಂಗಡಿಯಿಂದ ತಂದ ಮಂಜುಗಡ್ಡೆಯಲ್ಲಿ ಟ್ಯೂಬುಗಳನ್ನು ಇಟ್ಟುಕೊಂಡು ನಾನು ಅದನ್ನು ತೆಗೆದೆ. ಕತ್ತಲೆಯ ಕೋಣೆಯಲ್ಲಿ ನೇರಳಾತೀತ ದೀಪದ ಮೇಲೆ ಜೆಲ್ ಇಟ್ಟಾಗ ಕಿತ್ತಳೆ ಬಣ್ಣದ ಎರಡು ಗೆರೆಗಳು, ಒಂದರ ಕೆಳಗೊಂದು, ಸ್ಪಷ್ಟವಾಗಿ ಹೊಳೆದವು.

"ಎರಡೇ ತುಂಡು. ಪಾರ್ಟಿಟಿವೈರಸ್ ಕುಟುಂಬದ್ದಿರಬಹುದು" ಎಂದರು ಮೇಷ್ಟ್ರು. ಅಷ್ಟಕ್ಕೇ ನಿಲ್ಲಿಸದೆ ಎಚ್ಚರಿಸಿದರು: "ಈಗಲೇ ಕುಣಿಯಬೇಡ. ಈ ಕುಟುಂಬದವು ಬಹುಪಾಲು ಶಿಲೀಂಧ್ರಕ್ಕೆ ಏನೂ ಮಾಡುವುದಿಲ್ಲ, ಸುಮ್ಮನೆ ಒಳಗಿರುತ್ತವೆ. ಹೊರಗೆ ಬಂದು ಇನ್ನೊಂದಕ್ಕೆ ಅಂಟುವುದೂ ಇಲ್ಲ. ಎರಡು ಶಿಲೀಂಧ್ರಗಳ ಎಳೆಗಳು ಒಂದಕ್ಕೊಂದು ಕೂಡಿಕೊಂಡರೆ ಮಾತ್ರ ದಾಟುತ್ತವೆ, ಇಲ್ಲವೇ ಬೀಜಕದ ಮೂಲಕ ಮರಿಗೆ ಹೋಗುತ್ತವೆ. ಬಳಗ ಬೇರೆಯಾದರೆ ಎಳೆಗಳು ಕೂಡುವುದೇ ಇಲ್ಲ."

ನಾನು ಅಕ್ಕನಿಗೆ ಇದನ್ನೆಲ್ಲ ಹೇಳಿದೆ. ಅವರ ತೋಟದ್ದು, ಹೇಳದೆ ಇರುವುದು ಹೇಗೆ?

"ಅಂಗಂದ್ರೆ ರೋಗಕ್ಕೇ ರೋಗ ಬಂದದೆ ಅನ್ನು."

"ಇರಬಹುದು ಅಕ್ಕ. ಇನ್ನೂ ಗೊತ್ತಿಲ್ಲ."

"ಇರಬೌದು ಅಂದ್ರೇನು, ಕಣ್ಣಾರೆ ಕಾಣ್ತಾ ಅದಲ್ಲ. ಮಕ್ಕಳಿಗೆ ಪೋಲಿಯೊ ಅನಿ ಆಕಾಕಿಲ್ವಾ? ಬಲವಾದ್ದು ಬರೋಕ್ಕೆ ಮುಂಚೆ ಬಡಕಲನ್ನ ಒಳಕ್ಕೆ ಬುಡೋದು. ಅಂಗೇ ಇದು. ನನ್ ತಂಗಿ ತೋಟಕ್ಕೆ ಇದನ್ನ ಆಕ್ಬೇಕು ಕಣವ್ವ."

ಅವರ ತಂಗಿಯನ್ನು ಕೊಟ್ಟದ್ದು ನರಸೀಪುರದಿಂದ ನಂಜನಗೂಡಿಗೆ ಹೋಗುವ ರಸ್ತೆಯಲ್ಲಿ, ಕಪಿಲಾ ನದಿಯ ದಂಡೆಯ ಒಂದು ಹಳ್ಳಿಗೆ. ತಂಗಿಯೂ ಗಂಡನೂ ಭತ್ತದ ಗದ್ದೆಯೊಂದನ್ನು ಆ ವರ್ಷ ರಸಬಾಳೆ ತೋಟ ಮಾಡಿದ್ದರು. ಹೊಸ ಮಣ್ಣು, ರೋಗದ ಸುಳಿವಿಲ್ಲ. ರಸಬಾಳೆ ಹಾಕಿ ಎಂದು ಹಠ ಹಿಡಿದು ಹಾಕಿಸಿದವರು ಅಕ್ಕನೇ.

"ಈಗ ಬೇಡ ಅಕ್ಕ. ಮೊದಲು ಕುಂಡದಲ್ಲಿ ನೋಡೋಣ" ಎಂದೆ. ಅವರು ತಲೆಯಾಡಿಸಿದರು.

ಮೈಸೂರಿನಲ್ಲಿ ಗಿಡ ಇಡಲು ಜಾಗ ಸಿಗಲಿಲ್ಲ. ನರಸೀಪುರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಹಿತ್ತಿಲಲ್ಲಿ ಸಿಮೆಂಟಿನ ಕಟ್ಟೆಯಿತ್ತು, ಹತ್ತಿರದಲ್ಲೆಲ್ಲೂ ಬಾಳೆ ಇರಲಿಲ್ಲ. ಮೇಷ್ಟ್ರು ಬಂದು ನೋಡಿ ಒಪ್ಪಿದರು. ಸುತ್ತ ತಂತಿಬಲೆ ಹೊಡೆಸಿ, ಕುಂಡದ ನೀರು ಹೊರಗೆ ಹೋಗದಂತೆ ಗುಂಡಿ ಮಾಡಿ, ಮೂರು ಸಾಲು ಕುಂಡ ಇಟ್ಟೆ. ಮೊದಲ ಸಾಲಿನ ಮಣ್ಣಿಗೆ ಬಲವಾದ ಶಿಲೀಂಧ್ರ, ಎರಡನೆಯದಕ್ಕೆ ಅಕ್ಕನ ತೋಟದ ಬಡಕಲು, ಮೂರನೆಯದಕ್ಕೆ ಏನೂ ಇಲ್ಲ. ಮೊದಲ ಸಾಲು ಹಳದಿಯಾಗತೊಡಗಿತು. ಎರಡನೆಯದು ಹಸಿರಾಗಿಯೇ ಇತ್ತು. ಆದರೆ ಗಿಡಗಳು ನಾವು ಹೇಳಿದ ಹಾಗೆ ನಡೆದುಕೊಳ್ಳುವುದಿಲ್ಲ. ಮೊದಲ ಸಾಲಿನಲ್ಲೇ ಗೋಡೆಯ ಪಕ್ಕದ ಕೊನೆಯ ಗಿಡ ಮಾತ್ರ ಏಕೋ ಇನ್ನೂ ರೋಗ ತೋರದೆ ಎಲ್ಲಕ್ಕಿಂತ ಸೊಂಪಾಗಿ ನಿಂತಿತ್ತು.

ಅದೊಂದು ಶನಿವಾರ. ಅರ್ಧ ದಿನದ ಕಾಲೇಜು ಮುಗಿಸಿ ಬಂದು ಹಿತ್ತಿಲಿಗೆ ಹೋದೆ. ಬಲೆಯ ಬಾಗಿಲು ತೆರೆದಿತ್ತು. ಗೋಡೆಯ ಪಕ್ಕದ ಆ ಕುಂಡದಲ್ಲಿ ಬುಡದ ಸುತ್ತ ಮಣ್ಣು ಬಗೆದಿತ್ತು, ಬೆರಳಿನ ಗುರುತು ಹಸಿಯಾಗಿಯೇ ಇತ್ತು.

"ಎಮ್ಮರಗಾಲದೋರು ಬಂದಿದ್ರು ಕಣವ್ವ" ಎಂದರು ಮನೆಯೊಡತಿ, ಅಕ್ಕಿ ಆರಿಸುತ್ತ. "ಅವ್ರ ತೋಟದ್ದೇ ಅಲ್ವಾ ಅದು? ನಾನೇ ಬೀಗ ತೆಗ್ದೆ. ಒಂಚೂರು ಮಣ್ಣು ಕವರ್‌ಗೆ ಆಕಂಡು ತಂಗಿ ಮನೆಗೆ ಓಯ್ತೀನಿ ಅಂದ್ರು. ಮದ್ಯಾನ ಕರೆಂಟು ಬರೋವೊತ್ಗೆ ಆಕ್ಬುಡ್ಬೇಕಂತೆ, ನೀರಿನ ಜೊತೆ ಓಗ್ಬೇಕಂತೆ."

"ಯಾವಾಗ ಹೋದ್ರು?"

"ಆಗ್ಲೇ ಭಾಳೊತ್ತಾಯ್ತು."

ನಾನು ಊಟವಿಲ್ಲದೆ ಬಸ್‌ಸ್ಟ್ಯಾಂಡಿಗೆ ಓಡಿದೆ. ಸರ್ಕಾರಿ ಬಸ್ಸು ಹೊರಟುಹೋಗಿತ್ತು. ಪ್ರೈವೇಟ್ ಬಸ್ಸೊಂದು ಜನ ತುಂಬಲಿ ಎಂದು ಇಂಜಿನ್ ಗುರುಗುಟ್ಟಿಸುತ್ತ ನಿಂತಿತ್ತು. ಸ್ವಲ್ಪ ಮುಂದೆ ಹೋಗುವುದು, ಮತ್ತೆ ಹಿಂದೆ ಬರುವುದು. "ದಯವಿಟ್ಟು ಬಿಡಿ, ಅರ್ಜೆಂಟಿದೆ" ಎಂದು ಕಂಡಕ್ಟರನನ್ನು ಬೇಡಿಕೊಂಡೆ. "ಎಲ್ರಿಗೂ ಅರ್ಜೆಂಟೇ ಕಣಕ್ಕ" ಎಂದ. ಅವನಿಗೆ ನಾನು ಏನೆಂದು ಹೇಳಲಿ? ಕೈಯಷ್ಟಗಲದ ಒಂದು ಕವರಿನಲ್ಲಿ ಮಣ್ಣು ಹೋಗಿದೆ, ಅದು ಕಾಲುವೆಗೆ ಬಿದ್ದರೆ ಒಂದು ತೋಟವಲ್ಲ, ಆ ಬಯಲಿನ ಕೆಳಗಿನ ತೋಟಗಳೂ ಹೋಗಬಹುದು ಎಂದೇ? ಬಸ್ಸು ಹೊರಟ ಮೇಲೂ ಪ್ರತಿ ಮರದ ಕೆಳಗೆ ನಿಂತಿತು. ರಸ್ತೆಯ ಪಕ್ಕದ ಹೊಲಗಳಲ್ಲಿ ಪಂಪಿನ ಸದ್ದು ಕೇಳುತ್ತಿತ್ತು. ಕರೆಂಟು ಬಂದಾಗಿತ್ತು.

ಇಳಿದವಳೇ ದಾರಿ ಕೇಳಿಕೊಂಡು ಗದ್ದೆಯ ಬದುವಿನ ಮೇಲೆ ಓಡಿದೆ. ದೂರಕ್ಕೇ ತೋಟ ಕಂಡಿತು. ಆಳೆತ್ತರ ಮೀರಿದ ಗಿಡಗಳು, ಗೊನೆ ಹಾಕುವ ಹೊತ್ತಿನವು. ಕಾಲುವೆಯ ತಲೆಯಲ್ಲಿ ಅಕ್ಕ ಖಾಲಿ ಬಕೆಟ್ ಹಿಡಿದು ನಿಂತಿದ್ದರು. ಒಳಗೆ ಅವರ ತಂಗಿ ಸನಿಕೆ ಹಿಡಿದು ಒಂದೊಂದೇ ಸಾಲಿಗೆ ನೀರು ತಿರುಗಿಸುತ್ತಿದ್ದರು.

"ನೀರು ನಿಲ್ಸಿ! ಮೋಟ್ರು ಆಫ್ ಮಾಡಿ!" ಎಂದು ಕೂಗಿದೆ.

ಪಂಪಿನ ಮನೆಯಿಂದ ತಂಗಿಯ ಗಂಡ ಹೊರಬಂದರು. "ಯಾರವ್ವ ನೀನು?"

"ಅದೇ ಕಣಪ್ಪ, ಬೂಷ್ಟು ಓದೋ ಮೇಡಂ" ಎಂದರು ಅಕ್ಕ ನಗುತ್ತ. "ಬಾರವ್ವ. ಎಲ್ಲ ಆಯ್ತು."

"ಮಣ್ಣು ಎಲ್ಲಿ ಹಾಕಿದ್ರಿ ಅಕ್ಕ?"

"ಇಲ್ಲೇ, ಕಾಲ್ವೆ ತಲೇಲಿ. ಬಕೀಟ್ನಲ್ಲಿ ಕದ್ರಿ ಉಯ್ದೆ, ಎಲ್ಲ ಬುಡಕ್ಕೂ ಓಗ್ಲಿ ಅಂತ."

"ಯಾವ ಕುಂಡದ್ದು ತಗೊಂಡ್ರಿ?"

"ಗ್ವಾಡೆ ತಾವಿತ್ತಲ್ಲ. ಎಲ್ಲಕ್ಕಿಂತ ಅಸುರಾಗಿತ್ತಲ್ಲ, ಅದ್ರುದ್ದು."

"ಅದು ಕೆಟ್ಟ ಬೂಷ್ಟಿನ ಕುಂಡ ಅಕ್ಕ. ಅದಕ್ಕಿನ್ನೂ ರೋಗ ತೋರಿರಲಿಲ್ಲ, ಅಷ್ಟೇ."

ಅವರ ಮುಖದ ನಗು ಹಾಗೇ ಉಳಿದುಬಿಟ್ಟಿತು, ತೆಗೆಯುವುದನ್ನು ಮರೆತವರ ಹಾಗೆ. ತಂಗಿಯ ಗಂಡ ಒಂದು ಕ್ಷಣ ನಮ್ಮಿಬ್ಬರನ್ನೂ ನೋಡಿ, ಓಡಿ ಹೋಗಿ ಫ್ಯೂಸ್ ಕಿತ್ತರು. ಮೋಟರು ನಿಂತಿತು. ಆದರೆ ಕಾಲುವೆಯಲ್ಲಿದ್ದ ನೀರು ನಿಲ್ಲಲಿಲ್ಲ, ಸದ್ದಿಲ್ಲದೆ ಮುಂದಕ್ಕೆ ತೆವಳುತ್ತಲೇ ಇತ್ತು. ಅದನ್ನು ಮೊದಲು ಕಂಡವರು ತಂಗಿ. ಸನಿಕೆಯಿಂದ ಎರಡು ಹೆಂಟೆ ಎಳೆದು ಹಾಕಿದರು, ಸಾಲಲಿಲ್ಲ. ಸನಿಕೆ ಬಿಸಾಡಿ ಕಾಲುವೆಗೆ ಅಡ್ಡ ಮಂಡಿಯೂರಿ ಕೂತು, ಸೀರೆಯ ಸಮೇತ ಮೈಯನ್ನೇ ಒಡ್ಡಿ, ಎರಡೂ ಕೈಯಲ್ಲಿ ಕೆಸರು ಬಾಚಿ ಬಾಚಿ ಕಟ್ಟಿದರು. ನಾನೂ ಗಂಡನೂ ಮಣ್ಣು ಎತ್ತಿ ಕೊಟ್ಟೆವು. ನೀರು ನಿಂತಾಗ ಮುಂದಿನ ಕೆಲವು ಸಾಲು ನೆನೆದಾಗಿತ್ತು. ಹಿಂದಿನ ಸಾಲುಗಳ ಮಣ್ಣು ಒಣಗಿಯೇ ಇತ್ತು.

"ಅಲ್ಲೇ ನಿಂತ್ಕೊಳ್ಳಿ, ಯಾರೂ ಒಣಗಿದ ಕಡೆಗೆ ಕಾಲಿಡಬೇಡಿ. ಕಾಲಿನ ಕೆಸರಿನಲ್ಲೂ ಹೋಗುತ್ತೆ" ಎಂದೆ. ಅಕ್ಕ ನಿಂತಲ್ಲೇ ಕಲ್ಲಾದರು.

ತಂಗಿಯ ಗಂಡ ನನ್ನ ಮುಂದೆ ಬಂದು ನಿಂತರು. "ಈಗ ಏಳಿ ಮೇಡಂ. ಉಳೀತದೋ ಇಲ್ವೋ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ? ಓದ್ದೋರು ನೀವು."

"ಮಣ್ಣು ಸ್ವಲ್ಪವೇ ಇತ್ತು, ನೀರಲ್ಲಿ ತೆಳುವಾಗಿರುತ್ತೆ. ಏನೂ ಆಗದೆ ಇರಬಹುದು. ಆದರೆ ಒಂದು ಬುಡಕ್ಕೆ ಹತ್ತಿದರೆ ಅಲ್ಲಿಂದ ಎಲ್ಲಕ್ಕೂ ಹೋಗುತ್ತೆ. ಹತ್ತಿದ್ದು ಕಾಣೋ ಹೊತ್ತಿಗೆ ತಡವಾಗಿರುತ್ತೆ. ನೆನೆದ ಗಿಡಗಳನ್ನೆಲ್ಲ ಇವತ್ತೇ ತೆಗೆದುಬಿಡೋದು ಒಳ್ಳೇದು."

"ಗೊನೆ ಬುಡೋ ಗಿಡವಾ?" ಎಂದರು ಅವರು. ಉತ್ತರಕ್ಕೆ ಕಾಯದೆ ಅತ್ತ ತಿರುಗಿ ನಿಂತರು.

ಕಡೆಗೆ ತಂಗಿಯೇ ಎದ್ದು, ಕೈಯ ಕೆಸರನ್ನು ಸೀರೆಗೆ ಒರೆಸಿಕೊಂಡು, ಮಚ್ಚು ತಂದು ಮೊದಲ ಗಿಡಕ್ಕೆ ಏಟು ಹಾಕಿದರು. ಅದು ಬೀಳುವಾಗ ಎಲೆಗಳೆಲ್ಲ ಒಟ್ಟಿಗೆ ಸದ್ದು ಮಾಡಿದವು. ಅಕ್ಕ ತಡೆಯಲಾರದೆ ಕೈ ಚಾಚಿ ಮುಂದೆ ಬಂದರು.

"ನೀನು ಮುಟ್ಬ್ಯಾಡ" ಎಂದರು ತಂಗಿ, ತಿರುಗಿ ನೋಡದೆ.

ಅಕ್ಕ ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡರು. ಹೊತ್ತು ಮುಳುಗುವವರೆಗೂ ನಾವು ಮೂವರೂ ಕಡಿದೆವು, ಗೆಡ್ಡೆ ಅಗೆದೆವು, ಅಲ್ಲೇ ರಾಶಿ ಮಾಡಿ ಸುಟ್ಟೆವು. ಹಸಿ ಬಾಳೆ ಉರಿಯುವುದಿಲ್ಲ, ಹೊಗೆಯಾಡುತ್ತದೆ. ಅಷ್ಟೂ ಹೊತ್ತು ಅಕ್ಕ ಬದುವಿನ ಮೇಲೆ ಅದೇ ಜಾಗದಲ್ಲಿ ನಿಂತೇ ಇದ್ದರು, ಕಾಲಿಗೆ ಮೆತ್ತಿದ್ದ ಕೆಸರು ಒಣಗಿ ಬಿರಿಯುವವರೆಗೂ. ಕಡೆಗೆ ನಾನೇ ಅವರ ಕಾಲಿಗೆ ನೀರು ಹಾಕಿ, ತೊಳೆದ ನೀರನ್ನು ಗುಂಡಿಗೆ ಸುರಿದು, ಕೈ ಹಿಡಿದು ರಸ್ತೆಗೆ ಕರೆತಂದೆ. ಬಸ್ಸಿನಲ್ಲಿ ಒಂದೇ ಮಾತು ಆಡಿದರು: "ಒಳ್ಳೇದು ಮಾಡಕ್ಕೋದೆ ಕಣವ್ವ."

ವಿಷಯ ಕೇಳಿದ ಮೇಷ್ಟ್ರು ತಾವೇ ನರಸೀಪುರಕ್ಕೆ ಬಂದು ಕುಂಡಗಳ ಮಣ್ಣನ್ನೆಲ್ಲ ಡ್ರಮ್ಮಿನಲ್ಲಿ ಹಾಕಿಸಿ ಬೇಯಿಸಿದರು. ಪ್ರಯೋಗ ಅಲ್ಲಿಗೆ ನಿಂತಿತು. ತಂಗಿಯ ತೋಟದಲ್ಲಿ ಅಗೆದ ಜಾಗಕ್ಕೆ ಸುಣ್ಣ ಹಾಕಿಸಿ, ನಡುವೆ ಕಂದಕ ತೆಗೆಸಿದೆವು.

ಆಮೇಲಿನ ತಿಂಗಳುಗಳು ಕಾಯುವುದರಲ್ಲೇ ಕಳೆದವು. ವಾರವಾರವೂ ಆ ತೋಟಕ್ಕೆ ಹೋಗುತ್ತಿದ್ದೆ. ತಂಗಿ ನನ್ನೊಂದಿಗೆ ಬೇಕಾದಷ್ಟೇ ಮಾತಾಡುತ್ತಿದ್ದರು. ಒಮ್ಮೆ ಕೆಳಗಿನ ಎಲೆಯೊಂದು ಹಳದಿಯಾಗಿತ್ತು. ಗಂಡ ಹೆಂಡತಿ ಇಬ್ಬರೂ ನನ್ನ ಮುಖವನ್ನೇ ನೋಡುತ್ತ ನಿಂತರು. ನಾನು ತೊಟ್ಟು ಸೀಳಿದೆ. ಬಿಳಿಯಾಗಿತ್ತು, ಎಲೆ ವಯಸ್ಸಾಗಿ ಹಣ್ಣಾಗಿತ್ತು ಅಷ್ಟೇ. ತಂಗಿ ಅಲ್ಲೇ ಕುಕ್ಕರಿಸಿದರು. ಆ ವರ್ಷ ಉಳಿದ ಗಿಡಗಳೆಲ್ಲ ಗೊನೆ ಹಾಕಿದವು. ಹಣ್ಣು ಚೆನ್ನಾಗಿತ್ತು. ಅಕ್ಕನನ್ನು ಕರೆಯಲಿಲ್ಲ, ಅಕ್ಕನೂ ಹೋಗಲಿಲ್ಲ.

ಇತ್ತ ಲ್ಯಾಬಿನಲ್ಲಿ ಇನ್ನೊಂದು ಪ್ರಶ್ನೆ ಉಳಿದಿತ್ತು. ಬಡಕಲು ಶಿಲೀಂಧ್ರದ ಬೀಜಕಗಳನ್ನು ಒಂದೊಂದಾಗಿ ಆರಿಸಿ ಬೆಳೆಸಿದಾಗ ಕೆಲವು ಮರಿಗಳಲ್ಲಿ ವೈರಸ್ ಇರಲಿಲ್ಲ. ಜೆಲ್ಲಿನಲ್ಲಿ ಆ ಎರಡು ಗೆರೆ ಕಾಣಲಿಲ್ಲ. ವೈರಸ್ಸೇ ಬಲ ತಿಂದಿದ್ದರೆ ಇವು ಹತ್ತಿಯ ಹಾಗೆ ಉಬ್ಬಿ ಬೆಳೆಯಬೇಕಿತ್ತು. ಬೆಳೆಯಲಿಲ್ಲ. ಇವೂ ಅಷ್ಟೇ ತೆಳ್ಳಗೆ, ಅಷ್ಟೇ ಬಣ್ಣಗೆಟ್ಟು ಕೂತವು. ಮತ್ತೆ ಮತ್ತೆ ಮಾಡಿದೆ. ಮೇಷ್ಟ್ರು ಮೊದಲೇ ಹೇಳಿದ್ದ ಅನುಮಾನ ನಿಜವಾಗಿತ್ತು. ಅದು ಹುಟ್ಟಾ ಬಡಕಲು ತಳಿ. ವೈರಸ್ ಅದರೊಳಗೆ ಯಾರಿಗೂ ಏನೂ ಮಾಡದೆ ವಾಸವಾಗಿತ್ತು.

ಹೆಮ್ಮರಗಾಲಕ್ಕೆ ಹೋಗಿ ಹೇಳಿದೆ. ಅಕ್ಕ ಕಡಲೆಕಾಯಿ ಬಿಡಿಸುತ್ತಿದ್ದರು.

"ಅಂಗಾರೆ ಅದು ಒಳಗೆ ಇದ್ದು ಏನ್ ಮಾಡ್ತದೆ?"

"ಏನೂ ಮಾಡೋದಿಲ್ಲ ಅಕ್ಕ. ಸುಮ್ಮನೆ ಇರುತ್ತೆ."

"ಸುಮ್ನೆ?"

"ಸುಮ್ಮನೆ."

ಅವರು ಮೊರವನ್ನು ಪಕ್ಕಕ್ಕಿಟ್ಟು ಒಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ, ಒಂದು ಬೆಳಿಗ್ಗೆ ತಂಗಿಯೇ ನರಸೀಪುರದ ನನ್ನ ಮನೆ ಹುಡುಕಿಕೊಂಡು ಬಂದರು. ಕೈಯಲ್ಲಿ ಕಾಗದದಲ್ಲಿ ಸುತ್ತಿದ ಬಾಳೆಬುಡದ ಚೂರು. ತೋಟದ ಹಿಂಬದಿಯಲ್ಲಿ, ನದಿಯ ಕಡೆ, ಎರಡು ಬುಡ ಹಳದಿಯಾಗಿದ್ದವು. ಬಿಚ್ಚಿ ನೋಡಿದೆ. ಉಂಗುರಗಳು ಇದ್ದವು.

"ಅದೇನಾ?" ಎಂದರು.

"ರೋಗ ಅದೇ."

"ಅಕ್ಕ ಆಕಿದ್ದಾ ಅಂತ ಕೇಳ್ದೆ."

ಅದಕ್ಕೆ ಉತ್ತರ ಹುಡುಕುವ ದಾರಿ ಇತ್ತು. ಎಳೆಗಳು ಕೂಡುವುದು ಒಂದೇ ಬಳಗದವುಗಳಲ್ಲಿ ಮಾತ್ರ. ಕುಂಡಕ್ಕೆ ಹಾಕಿದ್ದ ಬಲವಾದ ಶಿಲೀಂಧ್ರ ನನ್ನ ಬಳಿ ಇನ್ನೂ ಇತ್ತು. ಅದನ್ನೂ ತಂಗಿ ತಂದ ಚೂರಿನ ಶಿಲೀಂಧ್ರವನ್ನೂ ಒಂದೇ ತಟ್ಟೆಯಲ್ಲಿ ಎದುರುಬದುರು ಬೆಳೆಸಿದರೆ, ಒಂದೇ ಬಳಗವಾದಲ್ಲಿ ಕೂಡುವ ಜಾಗದಲ್ಲಿ ದಟ್ಟವಾದ ಬಿಳಿ ಗೆರೆ ಏಳುತ್ತದೆ. ಆ ವಾರಗಳಲ್ಲಿ ನಾನು ಇನ್‌ಕ್ಯುಬೇಟರಿನ ಬಾಗಿಲು ತೆರೆಯಲು ಹೆದರುತ್ತಿದ್ದೆ. ಗೆರೆ ಎದ್ದಿದ್ದರೆ ಏನು ಹೇಳುತ್ತಿದ್ದೆನೋ ತಿಳಿಯದು. ಏಳಲಿಲ್ಲ. ಮೂರು ಸಲ ಮಾಡಿಸಿದರು ಮೇಷ್ಟ್ರು. ಎರಡೂ ಅಂಚಿನವರೆಗೆ ಬಂದು, ನಡುವೆ ತೆಳುವಾದ ಸಂದು ಬಿಟ್ಟು ನಿಂತವು. ಬೇರೆ ಬಳಗ, ಬೇರೆ ಕಡೆಯಿಂದ ಬಂದದ್ದು. ಪ್ರವಾಹದ ನೀರಿನಲ್ಲೋ, ಯಾರದೋ ಗುದ್ದಲಿಯಲ್ಲೋ.

ಅವರ ಹಳ್ಳಿಗೆ ಹೋಗಿ ತಂಗಿಗೆ ಹೇಳಿದೆ. ಅವರು ಸಮಾಧಾನಪಡಲಿಲ್ಲ. "ಅಂಗಾರೆ ಆವತ್ತು ಮುಂದ್ಲ ಸಾಲು ಸುಮ್ನೆ ಕಡುದ್ವಾ?"

"ಕಡಿದದ್ದರಿಂದಲೇ ಬರಲಿಲ್ಲವೋ, ಕಡಿಯದಿದ್ದರೂ ಬರುತ್ತಿರಲಿಲ್ಲವೋ, ಅದು ನನಗೆ ಗೊತ್ತಿಲ್ಲ. ಈಗ ಬಂದಿರೋದು ಅಕ್ಕ ಹಾಕಿದ್ದಲ್ಲ. ಅಷ್ಟು ಮಾತ್ರ ಗೊತ್ತು."

ಅವರು ಕಿಟಕಿಯ ಹೊರಗೆ ನೋಡುತ್ತ ಕೂತರು. ತೋಟ ತೆಗೆದು ಮತ್ತೆ ಭತ್ತಕ್ಕೆ ಹಾಕುವುದೆಂದು ಗಂಡ ಆಗಲೇ ಹೇಳಿದ್ದರಂತೆ. ಆಮೇಲೆ ಕೇಳಿದರು: "ಅಕ್ಕ ಎಂಗವಳೆ?"

"ನೀವೇ ನೋಡಬಹುದಲ್ಲ."

"ನೀನು ಜೊತೆಗೆ ಬತ್ತೀಯಾ?"

ಅದೇ ದಿನ ಹೊರಟೆವು. ಬಸ್ಸು ಬದಲಾಯಿಸುವಾಗ ನಂಜನಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ಅವರು "ಬ್ಯಾಡ, ವಾಪಸ್ ಓಗುವ" ಎಂದು ಒಮ್ಮೆ ಎದ್ದು ನಿಂತರು. ಮತ್ತೆ ಕೂತರು. ಹೆಮ್ಮರಗಾಲದಲ್ಲಿ ಇಳಿದಾಗ ಬಿಸಿಲು ಇಳಿಯುತ್ತಿತ್ತು. ಅಕ್ಕ ಬಾಗಿಲಲ್ಲೇ ಇದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು.

"ಅಕ್ಕ, ಈಗ ತೋಟಕ್ಕೆ ಬಂದಿರೋ ರೋಗ ನೀವು ಹಾಕಿದ ಮಣ್ಣಿನದ್ದಲ್ಲ" ಎಂದು ನಾನೇ ಹೇಳಿದೆ. "ಪರೀಕ್ಷೆ ಮಾಡಿದ್ದೀನಿ. ಅದು ಬೇರೆ."

ಅಕ್ಕ ನನ್ನ ಕಡೆ ನೋಡಲೇ ಇಲ್ಲ. "ಇಷ್ಟ್ ವರ್ಸ ಆಯ್ತು" ಎಂದರು ತಂಗಿಗೆ. "ಒಂದ್ಸಲನಾದ್ರೂ ಬೈಯ್ಯಕ್ಕಾದ್ರೂ ಬರ್ಬಾರ್ದಾಗಿತ್ತಾ?"

"ಬೈಯ್ಯಕ್ಕೇ ಬಂದೀವ್ನಿ" ಎಂದು ತಂಗಿ ಚಪ್ಪಲಿ ಬಿಟ್ಟು ಒಳಗೆ ನುಗ್ಗಿದರು.

ನಾನು ಜಗುಲಿಯ ಮೇಲೆ ಕೂತೆ. ಒಳಗೆ ಜಗಳ ಶುರುವಾಯಿತು. ಇಬ್ಬರೂ ಒಟ್ಟಿಗೆ ಮಾತಾಡುತ್ತಿದ್ದರು, ಇಬ್ಬರೂ ಅಳುತ್ತಿದ್ದರು, ಯಾವ ಮಾತು ಯಾರದೆಂದು ಗೊತ್ತಾಗುತ್ತಿರಲಿಲ್ಲ. ನಂಜನಗೂಡಿಗೆ ಹೋಗುವ ಬಸ್ಸಿನ ಹಾರನ್ ಊರ ಮುಂದೆ ಕೇಳಿಸಿತು. ನಾನು ಎದ್ದು ಬಾಗಿಲ ಹತ್ತಿರ ಹೋಗಿ "ನಾನು ಬರ್ತೀನಿ" ಎಂದೆ. ಒಳಗೆ ಯಾರಿಗೂ ಕೇಳಿಸಲಿಲ್ಲ.